ನಾಯಿಗೆ ಈಜು ಕಲಿಸಬೇಕಾ? ಹೌದು, ದಡ ಹತ್ತುವುದನ್ನಂತೂ ಕಲಿಸಲೇಬೇಕು

ಮೀನಿನ ಮರಿಗೆ ಈಜು ಕಲಿಸಬೇಕಾ ಅಂತ ಕೇಳುತ್ತಾರಲ್ಲ, ನಾಯಿಮರಿಯ ವಿಷಯದಲ್ಲೂ ತುಂಬ ಜನ ಹಾಗೇ ಅಂದುಕೊಂಡಿದ್ದಾರೆ. ನಾಯಿ ತಾನೇ, ನೀರಿಗೆ ಬಿಟ್ಟರೆ ತಾನಾಗಿ ಈಜಿಕೊಂಡು ಬರುತ್ತದೆ ಅನ್ನೋ ನಂಬಿಕೆ. ಇದು ಅರ್ಧ ಸರಿ. ಉಳಿದರ್ಧ ಗೊತ್ತಿಲ್ಲದೆ ನಾಯಿಯನ್ನು ನೀರಿಗೆ ಬಿಟ್ಟಾಗಲೇ ಅನಾಹುತ ಆಗುವುದು. ಅದಕ್ಕೇ ಮೊದಲು ಹುಟ್ಟಿನಿಂದ ಬರುವುದು ಯಾವುದು, ನಾವು ಕಲಿಸಬೇಕಾದ್ದು ಯಾವುದು ಅಂತ ನೋಡೋಣ, ಆಮೇಲೆ ಕಲಿಸುವ ಕ್ರಮಕ್ಕೆ ಬರೋಣ.

ಹುಟ್ಟಿನಿಂದ ಬರುವುದು ಕಾಲಾಟ ಮಾತ್ರ

ನಾಯಿಯನ್ನು ಎತ್ತಿ ನೀರಿನ ಮೇಲೆ ಹಿಡಿದರೆ, ಪಾದ ನೀರಿಗೆ ತಾಗುವ ಮುಂಚೆಯೇ ಎಷ್ಟೋ ನಾಯಿಗಳು ಗಾಳಿಯಲ್ಲೇ ಕಾಲು ಆಡಿಸಲು ಶುರು ಮಾಡುತ್ತವೆ. ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಅಮೆರಿಕದ ಜೀವವಿಜ್ಞಾನಿ ಫ್ರಾಂಕ್ ಫಿಶ್ ಮತ್ತು ಅವರ ತಂಡದವರು ಬೇರೆ ಬೇರೆ ತಳಿಯ ನಾಯಿಗಳು ಈಜುವುದನ್ನು ನೀರಿನೊಳಗಿನಿಂದ ವಿಡಿಯೋ ತೆಗೆದು ನೋಡಿದ್ದರು, 2014ರಲ್ಲಿ ಅದರ ವಿವರ ಹೊರಬಂತು. ನೆಲದ ಮೇಲೆ ಹಗುರವಾಗಿ ಓಡುವಾಗ ಕಾಲು ಹೇಗೆ ಆಡುತ್ತದೋ, ನೀರಿನಲ್ಲೂ ಹೆಚ್ಚುಕಡಿಮೆ ಹಾಗೇ ಆಡುತ್ತದೆ. ಬಲ ಮುಂಗಾಲಿನ ಜೊತೆ ಎಡ ಹಿಂಗಾಲು, ಎಡ ಮುಂಗಾಲಿನ ಜೊತೆ ಬಲ ಹಿಂಗಾಲು. ಪುಟ್ಟ ನಾಯಿಯಾಗಲಿ ದೊಡ್ಡ ನಾಯಿಯಾಗಲಿ, ಇದರಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ಅಂದರೆ ನಾಯಿ ಈಜಿಗಾಗಿ ಹೊಸದೇನೂ ಕಲಿತಿಲ್ಲ, ಓಡುವುದು ಗೊತ್ತು, ಅದನ್ನೇ ನೀರಿಗೆ ತಂದಿದೆ.

ಆದರೆ ಕಾಲು ಆಡಿಸುವುದೇ ಈಜಲ್ಲ ಅಲ್ವಾ? ಮೂಗು ಮೇಲಿರಬೇಕು, ಸೊಂಟ ಕೆಳಗೆ ಇಳಿಯಬಾರದು, ಉಸಿರು ಗಾಬರಿಯಿಲ್ಲದೆ ನಡೆಯಬೇಕು, ಬೇಕಾದ ಕಡೆ ತಿರುಗಬೇಕು, ಸುಸ್ತಾಗುವ ಮುಂಚೆ ದಡದ ಕಡೆ ಬರಬೇಕು, ದಡ ಎಲ್ಲಿದೆ ಅಂತ ಗೊತ್ತಿರಬೇಕು, ಸಿಕ್ಕ ದಡವನ್ನು ಹತ್ತಲೂ ಬರಬೇಕು. ಇವೆಲ್ಲ ಕಾಲಾಟದ ಜೊತೆ ಉಚಿತವಾಗಿ ಬರುವುದಿಲ್ಲ. ಮೊದಲ ಸಲ ಆಳಕ್ಕೆ ಬಿದ್ದ ನಾಯಿಯನ್ನು ಗಮನಿಸಿದರೆ ಗೊತ್ತಾಗುತ್ತದೆ. ಮೈ ನೆಟ್ಟಗೆ ನಿಂತಿರುತ್ತದೆ, ಹಿಂಗಾಲು ಕೆಳಗೆ ಜೋತು ಬಿದ್ದಿರುತ್ತವೆ, ಮುಂಗಾಲು ಎರಡೂ ನೀರಿನಿಂದ ಮೇಲೆ ಬಂದು ಪಟಪಟ ಅಂತ ಬಡಿಯುತ್ತವೆ. ಸದ್ದು ಜಾಸ್ತಿ, ಮುಂದೆ ಸಾಗುವುದು ಕಡಿಮೆ. ಅಷ್ಟು ಕಷ್ಟಪಟ್ಟರೂ ಇದ್ದಲ್ಲೇ ಇರುತ್ತದೆ, ಬೇಗ ಸೋತು ಹೋಗುತ್ತದೆ. ಚೆನ್ನಾಗಿ ಈಜುವ ನಾಯಿಯ ಬೆನ್ನು ನೀರಿಗೆ ಸಮನಾಗಿರುತ್ತದೆ, ಪಾದಗಳು ನೀರಿನೊಳಗೇ ಇರುತ್ತವೆ, ಸದ್ದೇ ಇರುವುದಿಲ್ಲ.

ಈಜುಕೊಳದಲ್ಲಿ ಮುಳುಗಿ ಸಾಯುವ ನಾಯಿಗಳಲ್ಲಿ ಈಜು ಬರುವವೂ ಇವೆ. ಕೊಳದ ಅಂಚು ನುಣುಪು, ಉಗುರಿಗೆ ಹಿಡಿತ ಸಿಗುವುದಿಲ್ಲ. ನಾಯಿ ಬಿದ್ದ ಜಾಗದಲ್ಲೇ ಹತ್ತಲು ನೋಡುತ್ತದೆ, ಜಾರುತ್ತದೆ, ಮತ್ತೆ ಹತ್ತಲು ನೋಡುತ್ತದೆ. ಮೆಟ್ಟಿಲು ಕೊಳದ ಇನ್ನೊಂದು ಮೂಲೆಯಲ್ಲಿರುತ್ತದೆ, ಅದು ಅಲ್ಲಿದೆ ಅಂತ ಆ ನಾಯಿಗೆ ಯಾರೂ ತೋರಿಸಿರುವುದಿಲ್ಲ. ನನಗೆ ಈ ವಿಷಯದಲ್ಲಿ ಇರುವ ಕಾಳಜಿಯೆಲ್ಲ ಇಲ್ಲೇ ಇದೆ. ನೀರಿಗೆ ಇಳಿಸುವುದನ್ನು ಎಲ್ಲರೂ ಮಾಡುತ್ತಾರೆ, ಹೊರಗೆ ಬರುವ ದಾರಿಯನ್ನು ಕಲಿಸುವವರು ಕಡಿಮೆ.

ನಿಮ್ಮ ನಾಯಿಯ ಮೈಕಟ್ಟು ನೋಡಿ

ಲ್ಯಾಬ್ರಡಾರ್, ನ್ಯೂಫೌಂಡ್‌ಲ್ಯಾಂಡ್, ಚೆಸಪೀಕ್ ಬೇ ರಿಟ್ರೀವರ್, ಪೋರ್ಚುಗೀಸ್ ವಾಟರ್ ಡಾಗ್. ಇವನ್ನೆಲ್ಲ ನೀರಿನ ಕೆಲಸಕ್ಕೆಂದೇ ತಲೆಮಾರುಗಳಿಂದ ಬೆಳೆಸಿದ್ದಾರೆ. ಬೆರಳುಗಳ ನಡುವೆ ಅಗಲವಾದ ಚರ್ಮ ಇರುತ್ತದೆ, ಲ್ಯಾಬ್ರಡಾರ್‌ಗಾದರೆ ಮೈಗೆ ಬೇಗ ನೀರು ಇಳಿಯದಂಥ ಎರಡು ಪದರದ ಕೂದಲು, ದಿಕ್ಕು ತಿರುಗಿಸಲು ದಪ್ಪ ಬಾಲ ಬೇರೆ. ಇಂಥವು ಬೇಗ ಕಲಿಯುತ್ತವೆ. ಆದರೂ ಕಲಿಯಲೇಬೇಕು. ನೀರಿನಲ್ಲಿ ಜನರನ್ನು ಕಾಪಾಡುವ ಕೆಲಸಕ್ಕೆ ನ್ಯೂಫೌಂಡ್‌ಲ್ಯಾಂಡ್ ನಾಯಿಗಳನ್ನು ತಗೊಂಡರೂ ಅವಕ್ಕೆ ತಿಂಗಳುಗಟ್ಟಲೆ ತರಬೇತಿ ಕೊಟ್ಟೇ ಇಳಿಸುತ್ತಾರೆ. ಮತ್ತೆ ತಳಿ ನೋಡಿ ನಂಬಬೇಡಿ, ನೀರು ಕಂಡರೆ ಹಿಂದೆ ಸರಿಯುವ ಲ್ಯಾಬ್ರಡಾರ್‌ಗಳೂ ಬೇಕಾದಷ್ಟಿವೆ.

ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್ ಥರದ ಚಪ್ಪಟೆ ಮೂತಿಯ ನಾಯಿಗಳ ಕಥೆ ಬೇರೆ. ಮೂಗು ನೀರಿನ ಮೇಲಿರಬೇಕು ಅಂದರೆ ಇವು ತಲೆಯನ್ನು ತುಂಬ ಹಿಂದಕ್ಕೆ ಎತ್ತಬೇಕು. ತಲೆ ಎತ್ತಿದಷ್ಟೂ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದಷ್ಟೂ ಕಾಲಿಗೆ ಕೆಲಸ ಹೆಚ್ಚು, ಕೆಲಸ ಹೆಚ್ಚಿದಷ್ಟೂ ಗಾಳಿ ಬೇಕು, ಆದರೆ ಉಸಿರಿನ ದಾರಿಯೇ ಇಕ್ಕಟ್ಟು. ಡ್ಯಾಶ್‌ಹೌಂಡ್, ಬ್ಯಾಸೆಟ್ ಹೌಂಡ್, ಕೋರ್ಗಿಗಳಿಗೆ ಮೈ ಉದ್ದ, ಕಾಲು ಗಿಡ್ಡ, ಹಾಗಾಗಿ ಅವೂ ಬೇಗ ದಣಿಯುತ್ತವೆ. ಇಂಥ ನಾಯಿಗಳನ್ನು ಲೈಫ್ ಜಾಕೆಟ್ ಇಲ್ಲದೆ ಕಾಲು ನಿಲುಕದ ನೀರಿಗೆ ಬಿಡಲೇಬೇಡಿ, ಕಲಿತ ಮೇಲೂ ಬಿಡಬೇಡಿ. ಗ್ರೇಹೌಂಡ್ ಥರದ ತೆಳ್ಳಗಿನ ನಾಯಿಗಳಿಗೆ ಮೈಯಲ್ಲಿ ಕೊಬ್ಬು ಕಡಿಮೆ, ಬೇಗ ಚಳಿ ಹಿಡಿಯುತ್ತದೆ.

ವಯಸ್ಸಾದ ನಾಯಿ, ಹೃದಯದ ತೊಂದರೆ ಇರುವ ನಾಯಿ, ಫಿಟ್ಸ್ ಬರುವ ನಾಯಿ ಆದರೆ ಮೊದಲು ಪಶುವೈದ್ಯರನ್ನು ಕೇಳಿ. ಮರಿಗಳಾದರೆ ಲಸಿಕೆಯ ಸರದಿ ಪೂರ್ತಿ ಮುಗಿಯುವವರೆಗೆ ಕೆರೆ, ಹೊಳೆ ಬೇಡ.

ಇಳಿಯುವ ಮುಂಚೆ

ಒಳ್ಳೆಯ ಜಾಗ ಹುಡುಕುವುದೇ ಅರ್ಧ ಕೆಲಸ. ದಡ ಇಳಿಜಾರಾಗಿರಬೇಕು, ನಾಯಿ ಒಂದೊಂದೇ ಹೆಜ್ಜೆ ಇಟ್ಟು ಆಳಕ್ಕೆ ಹೋಗಿ ಹಾಗೇ ನಡೆದುಕೊಂಡು ವಾಪಸ್ ಬರುವಂತಿರಬೇಕು. ಸೆಳೆತ ಇರುವ ಹೊಳೆ, ಅಲೆ ಇರುವ ಕಡಲು ಮೊದಲ ಪಾಠಕ್ಕೆ ಬೇಡ. ನೀರು ತಣ್ಣಗಿದ್ದರೂ ಬೇಡ, ಚಳಿಗೆ ಮೈ ಬಿಗಿದ ನಾಯಿ ಏನನ್ನೂ ಕಲಿಯುವುದಿಲ್ಲ. ಸುತ್ತ ಬೇರೆ ನಾಯಿಗಳು, ಕೂಗಾಡುವ ಮಕ್ಕಳು ಇಲ್ಲದ ಹೊತ್ತು ನೋಡಿಕೊಳ್ಳಿ.

ನೀರಿನ ಬಣ್ಣ ನೋಡಿ. ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಕಂಡರೆ ಅಥವಾ ನೀಲಿ ಹಸಿರು ಕೆನೆ ಕಟ್ಟಿದ್ದರೆ ಹತ್ತಿರ ಕೂಡ ಹೋಗಬೇಡಿ. ಅದು ಪಾಚಿಯ ಹಾಗೆ ಕಾಣುವ ಸಯನೋಬ್ಯಾಕ್ಟೀರಿಯಾ ಅನ್ನುವ ಸೂಕ್ಷ್ಮಜೀವಿ ಇರಬಹುದು. ಕೆಲವು ಜಾತಿಯವು ಯಕೃತ್ತನ್ನೂ ನರಗಳನ್ನೂ ಕೆಡಿಸುವ ವಿಷ ಬಿಡುತ್ತವೆ, ನಾಯಿ ಆ ನೀರು ಕುಡಿದರೂ ಸರಿ, ಮೈ ನೆಕ್ಕಿಕೊಂಡರೂ ಸರಿ, ಕೆಲವೇ ಗಂಟೆಗಳಲ್ಲಿ ಸಾಯಬಹುದು. ಕಣ್ಣಲ್ಲಿ ನೋಡಿ ವಿಷ ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ, ಅನುಮಾನ ಬಂದರೆ ವಾಪಸ್ ಬಂದುಬಿಡಿ. ನಿಂತ ನೀರಿನಲ್ಲಿ ಇಲಿಗಳ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಅನ್ನುವ ಸೋಂಕು ರೋಗದ ಅಪಾಯವೂ ಇರುತ್ತದೆ, ಅದಕ್ಕೆ ಲಸಿಕೆ ಇದೆ, ಹಾಕಿಸಿದ್ದೀರಾ ನೋಡಿಕೊಳ್ಳಿ. ಉಣ್ಣಿ, ಚಿಗಟಕ್ಕೆ ಅಂತ ಬೆನ್ನ ಮೇಲೆ ಹಾಕುವ ಔಷಧಿ ಹನಿ ಹಾಕಿದ್ದರೆ ಕಡೇ ಪಕ್ಷ 2 ದಿನ ನೀರಿಗೆ ಇಳಿಸಬೇಡಿ. ಔಷಧಿಯೂ ತೊಳೆದುಹೋಗುತ್ತದೆ, ನೀರಿನಲ್ಲಿರುವ ಸಣ್ಣ ಜೀವಿಗಳಿಗೂ ಅದು ವಿಷ.

ಲೈಫ್ ಜಾಕೆಟ್ ಕೊಳ್ಳುವಾಗ ಎರಡು ನೋಡಿ. ಬೆನ್ನ ಮೇಲೆ ಗಟ್ಟಿಯಾದ ಹಿಡಿ ಇರಬೇಕು, ಹೊಟ್ಟೆಯ ಕೆಳಗೂ ಅಗಲವಾದ ಪಟ್ಟಿ ಇರಬೇಕು. ಪಟ್ಟಿಯ ಒಳಗೆ ನಿಮ್ಮ ಎರಡು ಬೆರಳು ಹೋಗುವಷ್ಟು ಸಡಿಲ ಸಾಕು. ಹಿಡಿಯಿಂದ ನಾಯಿಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿ ನೋಡಿ, ಜಾಕೆಟ್ ಕಿವಿಯ ತನಕ ಜಾರಿದರೆ ಅಳತೆ ತಪ್ಪಾಗಿದೆ. ಕೊರಳಿಗೆ ಹಾಕುವ ಸರಪಳಿ ತೆಗೆದುಬಿಡಿ. ಉದ್ದ ಹಗ್ಗ ಬಳಸುವುದಾದರೆ ಎದೆಪಟ್ಟಿಗೆ ಕಟ್ಟಿ, ಕೊರಳಪಟ್ಟಿಗೆ ಬೇಡ. ಅದರ ತುದಿ ಯಾವಾಗಲೂ ನಿಮ್ಮ ಕೈಯಲ್ಲಿರಲಿ, ಸುಮ್ನೆ ನೀರಿನಲ್ಲಿ ತೇಲಲು ಬಿಟ್ಟರೆ ಬೇರಿಗೋ ಕಲ್ಲಿಗೋ ಸಿಕ್ಕಿಹಾಕಿಕೊಳ್ಳುತ್ತದೆ.

ಈಗ ಪಾಠ

ಮೊದಲನೆಯದು ನೆಲದ ಮೇಲೆ. ಜಾಕೆಟ್ ಹಾಕಿ ಮನೆಯಲ್ಲೇ ಓಡಾಡಿಸಿ, ಹಾಕಿದಾಗಲೆಲ್ಲ ಏನಾದರೂ ತಿನ್ನಲು ಕೊಡಿ. ಕರೆದರೆ ಬರುವುದು ಗಟ್ಟಿಯಾಗಿರಬೇಕು. ಆಟಿಕೆ ಬಾಯಲ್ಲಿದ್ದರೂ, ಬೇರೆ ನಾಯಿ ಕಂಡರೂ, ಕರೆದ ಕೂಡಲೇ ತಿರುಗಿ ಬರಬೇಕು. ನೆಲದ ಮೇಲೆ ಬಾರದ ನಾಯಿ ನೀರಿನಿಂದ ಖಂಡಿತ ಬರುವುದಿಲ್ಲ.

ಎರಡನೆಯದು ಪಾದ ಮುಳುಗುವಷ್ಟು ನೀರು. ನೀವೇ ಮೊದಲು ಇಳಿಯಿರಿ. ಎಳೆಯಬೇಡಿ, ತಳ್ಳಬೇಡಿ, ಎತ್ತಿಕೊಂಡು ಹೋಗಿ ಇಡಲೂಬೇಡಿ. ಎತ್ತಿ ಎಸೆದರೆ ತಾನೇ ಕಲಿಯುತ್ತದೆ ಅನ್ನುವ ಮಾತು ಇವತ್ತಿಗೂ ಕೇಳಿಬರುತ್ತದಲ್ಲ, ದಯವಿಟ್ಟು ಅದನ್ನು ಯಾರೂ ಮಾಡಬೇಡಿ. ಎಸೆದ ನಾಯಿ ದಡಕ್ಕೆ ಬರಬಹುದು, ಆದರೆ ಅದು ಕಲಿತದ್ದು ಈಜನ್ನಲ್ಲ, ನೀರಿನ ಭಯವನ್ನೂ ನಿಮ್ಮ ಭಯವನ್ನೂ. ಆ ಭಯ ಬಿಡಿಸಲು ಆಮೇಲೆ ತಿಂಗಳುಗಟ್ಟಲೆ ಬೇಕಾಗುತ್ತದೆ, ಕೆಲವು ನಾಯಿಗಳಲ್ಲಿ ಅದು ಹೋಗುವುದೇ ಇಲ್ಲ. ನೀರಿನಲ್ಲಿ ಕೂತುಕೊಳ್ಳಿ, ಆಟಿಕೆ ತೇಲಿಬಿಡಿ, ನಾಯಿ ಒಂದು ಪಾದ ಇಟ್ಟರೂ ಹೊಗಳಿ. ಬಾಲ ಸಡಿಲವಾಗಿ ಆಡುತ್ತಿದ್ದರೆ, ಕಿವಿ ಹಿಂದಕ್ಕೆ ಅಂಟಿಕೊಂಡಿಲ್ಲದಿದ್ದರೆ ಮುಂದೆ ಹೋಗಬಹುದು. ಬಾಯಿ ನೆಕ್ಕಿಕೊಳ್ಳುತ್ತಿದೆ, ಮೈ ಗಟ್ಟಿ ಮಾಡಿಕೊಂಡಿದೆ, ದಡದ ಕಡೆ ತಿರುಗಿ ತಿರುಗಿ ನೋಡುತ್ತಿದೆ ಅಂದರೆ ಅವತ್ತಿಗೆ ಅಷ್ಟೇ. ಈಜು ಬರುವ, ನಿಮ್ಮ ನಾಯಿಗೆ ಪರಿಚಯ ಇರುವ ಸಮಾಧಾನದ ನಾಯಿಯೊಂದು ಜೊತೆಗಿದ್ದರೆ ಕೆಲಸ ಸಲೀಸು, ನೋಡಿ ಕಲಿಯುವುದರಲ್ಲಿ ನಾಯಿಗಳು ಜಾಣ.

ಮೂರನೆಯದು ನಾಯಿಯ ಎದೆಮಟ್ಟದ ನೀರು. ಇಲ್ಲಿ ನಾಯಿಗೆ ಮೈ ಹಗುರವಾಗುವುದು ಮೊದಲ ಸಲ ಗೊತ್ತಾಗುತ್ತದೆ, ಹಿಂಗಾಲು ನೆಲ ಬಿಟ್ಟು ಒಂದು ಕ್ಷಣ ತೇಲಿದ ಹಾಗೆ ಆಗುತ್ತದೆ. ಕೆಲವು ನಾಯಿಗಳು ಅಲ್ಲೇ ಗಾಬರಿಯಾಗಿ ಹಿಂದೆ ಓಡುತ್ತವೆ. ಓಡಲಿ. ತಡೆಯಬೇಡಿ. ಓಡಿದರೆ ನೆಲ ಸಿಗುತ್ತದೆ ಅಂತ ಗೊತ್ತಾಗುವುದೇ ಇಲ್ಲಿನ ಪಾಠ.

ನಾಲ್ಕನೆಯದು ನಿಜವಾದ ಈಜು, ಇದಕ್ಕೆ ಸಮಯ ಕೊಡಿ. ನೀವು ಸೊಂಟಮಟ್ಟದ ನೀರಿನಲ್ಲಿ ನಿಲ್ಲಿ, ನಾಯಿಯ ಮೂತಿ ದಡದ ಕಡೆಗಿರಲಿ, ಆಳದ ಕಡೆಗಲ್ಲ. ಒಂದು ಕೈ ಜಾಕೆಟ್ಟಿನ ಹಿಡಿಯ ಮೇಲೆ, ಇನ್ನೊಂದು ಕೈ ಹೊಟ್ಟೆಯ ಕೆಳಗೆ, ಹಿಂಗಾಲಿಗೆ ಹತ್ತಿರವಾಗಿ. ಸೊಂಟವನ್ನು ಮೇಲೆ ಎತ್ತಿ ಹಿಡಿಯಿರಿ, ಬೇರೇನೂ ಬೇಡ. ಸೊಂಟ ಮೇಲೆ ಬಂದ ತಕ್ಷಣ ಬೆನ್ನು ನೀರಿಗೆ ಸಮನಾಗುತ್ತದೆ, ಹಿಂಗಾಲು ತಾವಾಗಿ ತಳ್ಳಲು ಶುರು ಮಾಡುತ್ತವೆ, ಮುಂಗಾಲಿನ ಪಟಪಟ ನಿಲ್ಲುತ್ತದೆ. ಎಷ್ಟೋ ನಾಯಿಗಳಲ್ಲಿ ಈ ಬದಲಾವಣೆ ಕಣ್ಣೆದುರೇ ಆಗುತ್ತದೆ, ನೋಡಲು ತುಂಬ ಖುಷಿ. ನಾಯಿಯ ಮೈಯಷ್ಟು ಉದ್ದ, ಅದರ ಎರಡರಷ್ಟು, ಅಷ್ಟೇ ದೂರದಿಂದ ದಡಕ್ಕೆ ಬಿಡಿ. ದಡ ಮುಟ್ಟಿತಾ, ಹೊಗಳಿ, ತಿನ್ನಲು ಕೊಡಿ, ಸುಧಾರಿಸಿಕೊಳ್ಳಲು ಬಿಡಿ. ಮೊದಮೊದಲು ಒಂದು ಸಲಕ್ಕೆ ಒಟ್ಟು 5 ನಿಮಿಷ ದಾಟುವುದು ಬೇಡ. ಈಜಿನಲ್ಲಿ ನಡಿಗೆಯ ಹಾಗೆ ನಿಂತು ಸುಧಾರಿಸಿಕೊಳ್ಳಲು ಆಗುವುದಿಲ್ಲ, ಮೈಯೆಲ್ಲ ಒಟ್ಟಿಗೆ ದುಡಿಯುತ್ತಿರುತ್ತದೆ. ಒಂದು ಎಚ್ಚರಿಕೆ: ನಿಮ್ಮ ಎದುರಿಗೆ ನಾಯಿಯನ್ನು ಈಜಿಸಬೇಡಿ. ಗಾಬರಿಯಾದರೆ ಅದು ನಿಮ್ಮ ಮೇಲೇ ಹತ್ತುತ್ತದೆ, ಉಗುರಿನ ಗೀರು ಆಳವಾಗಿರುತ್ತದೆ. ಪಕ್ಕದಲ್ಲೇ ಇರಿ.

ಐದನೆಯದು ಹೊರಗೆ ಬರುವ ದಾರಿ. ಇಳಿಜಾರಿನ ದಡದಲ್ಲಿ ಇದು ಸುಲಭ, ಈಜುಕೊಳದಲ್ಲಿ ಹಾಗಲ್ಲ. ಕೊಳದ ಮೆಟ್ಟಿಲ ಪಕ್ಕ ಎತ್ತರಕ್ಕೆ ಕಾಣುವ ಏನಾದರೂ ಗುರುತು ಇಡಿ, ಒಂದು ಕುಂಡ, ಒಂದು ಬಣ್ಣದ ಬಾವುಟ, ನೀರಿನಲ್ಲಿರುವ ನಾಯಿಯ ಕಣ್ಣಿಗೆ ಬೀಳುವಂಥದ್ದು. ಮೊದಲು ಮೆಟ್ಟಿಲಿಂದಲೇ ಇಳಿಸಿ, ಮೆಟ್ಟಿಲಿಂದಲೇ ಹತ್ತಿಸಿ. ಆಮೇಲೆ ಸ್ವಲ್ಪ ಪಕ್ಕದಿಂದ, ಆಮೇಲೆ ಕೊಳದ ನಡುವಿನಿಂದ, ಆಮೇಲೆ ಎದುರು ಮೂಲೆಯಿಂದ ಬಿಟ್ಟು ಮೆಟ್ಟಿಲಿಗೆ ಕರೆದು ತನ್ನಿ. ನಾಯಿ ಎಲ್ಲಿಂದ ಬಿಟ್ಟರೂ ನೀವು ಸುಮ್ಮನಿದ್ದಾಗಲೂ ನೇರ ಮೆಟ್ಟಿಲಿಗೆ ಹೋಗುವ ತನಕ ಇದನ್ನೇ ಮಾಡಿ. ಬೇಸರ ಬರುವಷ್ಟು ಸಲ ಮಾಡಿ. ಕೆಲವು ತಿಂಗಳು ನೀರಿಗೆ ಇಳಿಯದಿದ್ದರೆ ಮತ್ತೆ ಮೊದಲಿಂದ ಒಮ್ಮೆ ನೆನಪಿಸಿ. ಏಣಿ ಇರುವ ಕೊಳಗಳಲ್ಲಿ ನಾಯಿಗೆ ಹತ್ತಲು ಆಗುವುದಿಲ್ಲ, ನಾಯಿಗಳಿಗೆಂದೇ ಸಿಗುವ ಇಳಿಜಾರು ಹಲಗೆ ಹಾಕಿಸಿ. ನೀವಿಲ್ಲದಾಗ ಕೊಳಕ್ಕೆ ಬೇಲಿ ಇರಲಿ. ಮೇಲೆ ಸಡಿಲವಾಗಿ ಹಾಸುವ ಹೊದಿಕೆ ಬೇಡ, ನಾಯಿ ಅದನ್ನು ನೆಲ ಅಂದುಕೊಂಡು ಕಾಲಿಟ್ಟು ಅದರ ಕೆಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಇಷ್ಟು ಬಂದ ಮೇಲೆ ದೂರ ಹೆಚ್ಚಿಸಿ, ತಿರುಗಿ ಬರುವುದನ್ನು ಕಲಿಸಿ, ಉದ್ದ ಮೂತಿಯ, ಗಿಡ್ಡ ಕಾಲಿನದಲ್ಲದ ಆರೋಗ್ಯವಾದ ನಾಯಿಯಾದರೆ ನಿಮ್ಮ ಕೈಗೆಟುಕುವ ದೂರದಲ್ಲಿ ಜಾಕೆಟ್ ತೆಗೆದು ನೋಡಿ. ದೋಣಿಯಲ್ಲಿ ಹೋಗುವಾಗ, ಹೊಳೆಯಲ್ಲಿ, ಕಡಲಲ್ಲಿ ಮಾತ್ರ ಎಷ್ಟೇ ಚೆನ್ನಾಗಿ ಈಜುವ ನಾಯಿಗೂ ಜಾಕೆಟ್ ಬೇಕು.

ಖುಷಿಯ ನಡುವೆ ಕಾಣದ ಅಪಾಯ

ನೀರು ಇಷ್ಟವಾದ ನಾಯಿಗೆ ಸಾಕು ಅನ್ನುವುದು ಗೊತ್ತಾಗುವುದಿಲ್ಲ. ಚೆಂಡು ಎಸೆದಷ್ಟೂ ಹೋಗುತ್ತದೆ. ಸೊಂಟ ಇಳಿಯತೊಡಗಿದರೆ, ಮುಂಗಾಲು ಮತ್ತೆ ಮೇಲೆ ಬಂದು ಬಡಿಯತೊಡಗಿದರೆ, ಬಾಯಿ ತುಂಬ ಅಗಲ ಆದರೆ, ನಿಧಾನವಾದರೆ, ಅದು ದಣಿದಿದೆ. ನೀವೇ ನಿಲ್ಲಿಸಬೇಕು.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ನಾಯಿ ಬಾಯಿ ತೆರೆದು ಚೆಂಡು ಕಚ್ಚಿದಾಗಲೆಲ್ಲ ಒಂದಿಷ್ಟು ನೀರು ಹೊಟ್ಟೆಗೆ ಹೋಗುತ್ತದೆ. ಹತ್ತಾರು ಸಲ ಹೀಗಾದರೆ ಅದರ ರಕ್ತದಲ್ಲಿನ ಸೋಡಿಯಂ ತೀರಾ ಕಡಿಮೆಯಾಗಿ ಮಿದುಳು ಊದಿಕೊಳ್ಳಬಹುದು. ಹೊಟ್ಟೆ ಉಬ್ಬುತ್ತದೆ, ವಾಂತಿ, ಜೊಲ್ಲು, ತೂರಾಡುವ ನಡಿಗೆ, ಮಂಕಾದ ಕಣ್ಣು, ಕೊನೆಗೆ ಫಿಟ್ಸ್. ಸುಮ್ನೆ ಆಟ ಆಡಿ ಸುಸ್ತಾಗಿದೆ ಅಂದುಕೊಂಡು ಮಲಗಲು ಬಿಟ್ಟರೆ ಕೈಮೀರಬಹುದು. ಈ ಲಕ್ಷಣ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ತುಂಬ ನೀರು ಕುಡಿದಿದೆ ಅಂತ ವೈದ್ಯರಿಗೆ ಹೇಳಿ. ಇದು ಆಗದಂತೆ ನೋಡಿಕೊಳ್ಳಲು ದಪ್ಪ ಚೆಂಡಿನ ಬದಲು ಚಪ್ಪಟೆಯಾದ ತೇಲುವ ಆಟಿಕೆ ಬಳಸಿ, ಬಾಯಿ ಅಷ್ಟು ತೆರೆಯಬೇಕಾಗುವುದಿಲ್ಲ. ನಡುನಡುವೆ ದಡಕ್ಕೆ ಕರೆದು ಕೂರಿಸಿ, ಮೂತ್ರ ಮಾಡಲು ಬಿಡಿ. ಪೈಪಿನ ನೀರಿನ ಚಿಲುಮೆಗೆ ಬಾಯಿ ಹಾಕಿ ಆಡುವ ನಾಯಿಗೂ ಇದೇ ಅಪಾಯ. ಕಡಲಿನಲ್ಲಾದರೆ ತೊಂದರೆ ಉಲ್ಟಾ, ಉಪ್ಪು ಜಾಸ್ತಿಯಾಗುತ್ತದೆ. ಕುಡಿಯುವ ನೀರು ಜೊತೆಗೆ ಒಯ್ದು ಆಗಾಗ ಕೊಡಿ.

ಈಜಿದ ಮೇಲೆ ಒಳ್ಳೆಯ ನೀರಿನಲ್ಲಿ ತೊಳೆಯಿರಿ, ಕ್ಲೋರಿನ್ ಆಗಲಿ ಉಪ್ಪಾಗಲಿ ಮೈಮೇಲೆ ಉಳಿಯಬಾರದು. ಜೋತುಬಿದ್ದ ಕಿವಿಯ ನಾಯಿಗಳ ಕಿವಿಯ ಒಳಮಡಿಕೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಹತ್ತಿ ಕಡ್ಡಿ ಒಳಗೆ ತೂರಿಸಬೇಡಿ. ದಟ್ಟ ಕೂದಲಿನ ನಾಯಿಯನ್ನು ಬುಡದ ತನಕ ಒಣಗಿಸಿ, ಒದ್ದೆ ಉಳಿದರೆ ಚರ್ಮ ಹುಣ್ಣಾಗುತ್ತದೆ. ಮಾರನೇ ದಿನ ಬಾಲ ಸತ್ತ ಹಾಗೆ ಜೋತುಬಿದ್ದು ಮುಟ್ಟಿದರೆ ಅಳುತ್ತಿದ್ದರೆ ಗಾಬರಿ ಬೇಡ. ತಣ್ಣೀರಿನಲ್ಲಿ ಹೆಚ್ಚು ಈಜಿದರೆ ಬಾಲದ ಸ್ನಾಯು ಹೀಗೆ ಆಗುವುದುಂಟು, ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಬೇಡಿ, ಅವು ನಾಯಿಗೆ ವಿಷವಾಗಬಹುದು. ಪಶುವೈದ್ಯರನ್ನು ಕೇಳಿ.

ಎಲ್ಲ ಮಾಡಿದರೂ ಕೆಲವು ನಾಯಿಗಳಿಗೆ ನೀರು ಇಷ್ಟವಾಗುವುದಿಲ್ಲ. ಅವನ್ನು ಬಲವಂತ ಮಾಡಬೇಡಿ. ಆದರೆ ಮನೆಯಲ್ಲಿ ಕೊಳ ಇದ್ದರೆ ಮೆಟ್ಟಿಲ ಪಾಠವನ್ನು ಅವಕ್ಕೂ ಕಲಿಸಿ, ಕಾಲು ಜಾರಿ ಬೀಳಲು ನೀರು ಇಷ್ಟ ಇರಬೇಕಿಲ್ಲ.

ನಾಯಿ ಮುಳುಗುತ್ತಿದ್ದರೆ

ಸೆಳೆತದ ನೀರಿಗೆ ಅದರ ಹಿಂದೆ ಹಾರಬೇಡಿ. ಕಷ್ಟ ಅಂತ ಗೊತ್ತು, ಆದರೂ ಬೇಡ. ನಾಯಿಯನ್ನು ಉಳಿಸಲು ಇಳಿದವರೇ ಹೋಗಿಬಿಟ್ಟು ನಾಯಿ ತಾನಾಗಿ ದಡ ಸೇರಿದ್ದೂ ಇದೆ. ಸೆಳೆತ ಹೋಗುವ ದಿಕ್ಕಿನಲ್ಲೇ ದಡದ ಮೇಲೆ ಓಡುತ್ತಾ ಕರೆಯಿರಿ, ಹತ್ತಲು ಆಗುವ ಜಾಗಕ್ಕೆ ಬರುವಂತೆ ಮಾಡಿ, ಉದ್ದ ಕೋಲು, ಹಗ್ಗ, ತೇಲುವ ವಸ್ತು ಏನಿದ್ದರೂ ಚಾಚಿ.

ಹೊರಗೆ ತಂದಾಗ ಪ್ರಜ್ಞೆಯೂ ಇಲ್ಲದೆ ಉಸಿರೂ ಆಡದಿದ್ದರೆ, ಪಕ್ಕಕ್ಕೆ ಮಲಗಿಸಿ ಬಾಯಲ್ಲಿ ಕೆಸರು ಕಸ ಇದ್ದರೆ ತೆಗೆಯಿರಿ. ಎದೆಯನ್ನು ಅದರ ಅಗಲದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಒತ್ತಿ ಬಿಡಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಪ್ರತಿ 30 ಒತ್ತಿಗೆ ಒಮ್ಮೆ ನಾಯಿಯ ಬಾಯಿ ಮುಚ್ಚಿ ಹಿಡಿದು ಮೂಗಿನ ಮೂಲಕ 2 ಸಲ ಉಸಿರು ಊದಿ, ಎದೆ ಏಳುವುದು ಕಾಣಬೇಕು. ಎದೆ ಅಗಲವಾಗಿ ಚಪ್ಪಟೆಯಾಗಿರುವ ಬುಲ್‌ಡಾಗ್ ಥರದವನ್ನು ಬೆನ್ನ ಮೇಲೆ ಮಲಗಿಸಿ ಒತ್ತಬಹುದು. ಆಸ್ಪತ್ರೆಗೆ ಹೋಗುವ ದಾರಿಯಲ್ಲೂ ನಿಲ್ಲಿಸಬೇಡಿ.

ಮುಳುಗಿ ಎದ್ದ ನಾಯಿ ತಾನೇ ಎದ್ದು ಮೈ ಕೊಡವಿ ಓಡಾಡಿದರೂ ಅವತ್ತೇ ವೈದ್ಯರಿಗೆ ತೋರಿಸಿ. ಶ್ವಾಸಕೋಶಕ್ಕೆ ಸೇರಿದ ನೀರಿನ ತೊಂದರೆ ಗಂಟೆಗಳ ನಂತರ ಕಾಣಿಸಿಕೊಳ್ಳುತ್ತದೆ. ಮುಂದಿನ ಎರಡು ಮೂರು ದಿನ ಕೆಮ್ಮು ಬರುತ್ತದಾ, ಒಸಡು ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುತ್ತದಾ ನೋಡುತ್ತಿರಿ. ಮಲಗಿ ನಿದ್ದೆ ಮಾಡುವಾಗ ಪಕ್ಕೆ ಎಷ್ಟು ಸಲ ಏಳುತ್ತದೆ ಅಂತ ಪೂರ್ತಿ ಒಂದು ನಿಮಿಷ ಎಣಿಸಿ. 30 ದಾಟಿದರೆ ರಾತ್ರಿಯಾಗಿದ್ದರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.